ಪಂಜರದ ಕೆಳಗಿನ ಪೆಟ್ಟಿಗೆ

ತೆಲಿಗಿ
೧೭-೧೧-೨೦೨೪, ಭಾನುವಾರ

ಪ್ರೀತಿಯ ತಮ್ಮ ಹುಲುಗೇಶನಿಗೆ, ನಿನ್ನ ದುರ್ಗಕ್ಕನ ಆಶೀರ್ವಾದಗಳು.

ನಾವು ಇಲ್ಲಿ ಉಂಡುಟ್ಟುಕೊಂಡು ಇದ್ದೇವೆ. ನಿನ್ನ ಬೆನ್ನುನೋವು ಹೇಗಿದೆ? ಜೈಲಿನಲ್ಲಿ ನೆಲದ ಮೇಲೇ ಮಲಗಬೇಕಂತೆ. ಕಂಬಳಿಯನ್ನು ಮಡಚಿ ಸೊಂಟದ ಕೆಳಗೆ ಇಟ್ಟುಕೋ. ಪತ್ರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೆಕ್ಕೆಜೋಳ ಮುರಿಯುವ ಕೆಲಸ ಮೈಮೇಲೆ ಬಿದ್ದಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ ಎರಡು ಸಲ ಬರೆಯಲು ಕುಳಿತು ಎರಡು ಸಲವೂ ಹಾಳೆ ಹರಿದು ಹಾಕಿದೆ. ನಿನಗಿಂತ ಮೊದಲು ಅಲ್ಲಿನ ಸಾಹೇಬರು ಪತ್ರ ಒಡೆದು ಓದುತ್ತಾರೆ ಎಂದು ವಕೀಲರು ಹೇಳಿದ್ದಾರೆ. ಓದಲಿ ಬಿಡು. ಅವರಿಂದ ಮುಚ್ಚಿಡುವಂಥದ್ದು ನಮ್ಮ ಮನೆಯಲ್ಲಿ ಈಗ ಏನೂ ಉಳಿದಿಲ್ಲ.

ನಿನ್ನ ಹೆಂಡತಿ ಭರಮಮ್ಮ ಕೂಸನ್ನು ಎತ್ತಿಕೊಂಡು ಹಲವಾಗಲಿನ ತವರಲ್ಲೇ ಇದ್ದಾಳೆ. ಕೂಸಿಗೆ ಎರಡು ಹಲ್ಲು ಬಂದಿವೆಯಂತೆ. ನಿನ್ನ ದೊಡ್ಡ ಮಗಳು ಚಂದನಾ ನಮ್ಮ ಹತ್ತಿರ ಇದ್ದಾಳೆ. ಇಲ್ಲಿಯ ಶಾಲೆಯಲ್ಲೇ ಆರನೇ ತರಗತಿಗೆ ಸೇರಿಸಿದ್ದೇವೆ. ಊಟ ಕಡಿಮೆ ಮಾಡಿದ್ದಾಳೆ. ಮಾತೂ ಕಡಿಮೆ.

ಕೊಟ್ಟೂರಿನ ನಿನ್ನ ಸಾಕುಮೀನಿನ ಅಂಗಡಿಯ ಸುದ್ದಿ ಹೇಳುತ್ತೇನೆ. ಅರಣ್ಯದವರು ನಿನ್ನನ್ನೂ ನೀನು ಕದ್ದು ಮಾರಲು ಇಟ್ಟಿದ್ದ ನಕ್ಷತ್ರ ಆಮೆಗಳನ್ನೂ ಕರೆದೊಯ್ದ ದಿನ, ಮೀನು ಮತ್ತು ಇಗ್ವಾನಾ ಎಂಬ ಆ ದೊಡ್ಡ ಹಸಿರು ಹಲ್ಲಿ ಕೇಸಿಗೆ ಸೇರಿದ್ದಲ್ಲ ಎಂದು ಕೀಲಿಯನ್ನು ಪಕ್ಕದ ಮೊಬೈಲ್ ಅಂಗಡಿಯ ಗುರುಶಾಂತನ ಕೈಗೆ ಕೊಟ್ಟು ಹೋಗಿದ್ದರು. ಮನುಷ್ಯರ ಗೋಳಿನಲ್ಲಿ ಆ ಜೀವಗಳ ನೆನಪು ನಮಗ್ಯಾರಿಗೂ ಬರಲಿಲ್ಲ. ಮೂರು ವಾರದ ಮೇಲೆ ಗುರುಶಾಂತನೇ ಫೋನ್ ಮಾಡಿದ. "ಅಕ್ಕಾ, ಮೀನಿನ ನಾತ ನಮ್ಮ ಅಂಗಡಿಗೂ ಬರಾಕತ್ತೈತಿ. ಆ ಹಸ್ರು ಹಲ್ಲಿಗೆ ನಾನು ಬ್ರೆಡ್ಡು, ಬಿಸ್ಕಿಟು ಒಗೀತಿದ್ನಿ, ಈಗ ಅದೂ ತಲಿ ಎತ್ತವಲ್ದು. ನೀವು ಬಂದು ನೋಡ್ರಿ."

ನಾನೂ ನಿನ್ನ ಮಾವ ಗಾದಿಲಿಂಗ ಅವರೂ ಕೊಟ್ಟೂರಿಗೆ ಹೋದೆವು. ಷಟರ್ ಎತ್ತಿದ ಕೂಡಲೇ ಸೆರಗು ಮೂಗಿಗೆ ಹೋಯಿತು. ಗಾಜಿನ ತೊಟ್ಟಿಗಳಲ್ಲಿ ಮೀನುಗಳು ತೇಲುತ್ತಿದ್ದವು. ಹಿಂದಿನ ಕತ್ತಲೆ ಮೂಲೆಯಲ್ಲಿ, ಮರದ ಪೆಟ್ಟಿಗೆಯ ಮೇಲೆ ಕೂರಿಸಿದ್ದ ಪಂಜರದೊಳಗೆ ಆ ಇಗ್ವಾನಾ ತಳಕ್ಕೆ ಹೊಟ್ಟೆ ಹಚ್ಚಿ ಬಿದ್ದಿತ್ತು. ಸುತ್ತ ಬೂಸು ಹಿಡಿದ ಬ್ರೆಡ್ಡಿನ ಚೂರುಗಳು. ಹಿಂಗಾಲು ಸೊಟ್ಟಗಾಗಿದ್ದವು. ಬಾಲದ ತುದಿಯಲ್ಲಿ ಬಿಡದೆ ಉಳಿದ ಹಳೆಯ ಪೊರೆ ಬಿಗಿದು ಕಪ್ಪಾಗಿತ್ತು. ಬೆರಳು ಮುಟ್ಟಿಸಿದರೆ ಕೆಳದವಡೆ ರಬ್ಬರಿನಂತೆ ಬಾಗಿತು. ಇದು ಮೂರು ವಾರದಲ್ಲಿ ಆದದ್ದಲ್ಲ, ಹುಲುಗೇಶ. ನೀನು ಅಂಗಡಿಯಲ್ಲಿ ಕುಳಿತಿದ್ದಾಗಲೇ ಆದದ್ದು.

ನಿನ್ನ ಮಾವ ಬಗ್ಗಿ ನೋಡಿ, "ಇಲ್ಲೇ ಬಿಟ್ರ ಇದು ಸಾಯ್ತೈತಿ. ಮನಿಗೆ ಒಯ್ದ್ರ ನಮ್ಮವ್ವ ನನ್ನ ಸಾಯಸ್ತಾಳ" ಎಂದರು. ಆಮೇಲೆ ತಾವೇ ಟೆಂಪೋ ಕರೆದರು. ಪಂಜರ, ಅದರ ಕೆಳಗಿನ ಪೆಟ್ಟಿಗೆ ಎಲ್ಲವನ್ನೂ ಹಾಗೇ ಏರಿಸಿಕೊಂಡು ತೆಲಿಗಿಗೆ ಬಂದೆವು.

ನಮ್ಮ ಅತ್ತೆ ಸುಂಕಮ್ಮನನ್ನು ನೀನು ಬಲ್ಲೆ. ಟೆಂಪೋ ನಿಲ್ಲುವ ಮೊದಲೇ ಅಂಗಳದಲ್ಲಿ ಕೈ ಚಾಚಿ ನಿಂತುಬಿಟ್ಟರು. "ಉಡ ಹೊಕ್ಕತಂತ ನಮ್ಮ ಹಿರೇರು ಕಟ್ಟಿದ ಮನಿ ಬಿಟ್ಟು ಹೋಗ್ಯಾರ. ನೀ ನೋಡಿದ್ರ ಟೆಂಪೋದಾಗ ಮೆರವಣಿಗಿ ಮಾಡ್ಕಂಡು ತಂದೀಯಲ್ಲವ್ವಾ!" ಇದು ಉಡವಲ್ಲ, ಬೇರೆ ದೇಶದ್ದು, ಸೊಪ್ಪು ತಿನ್ನುವುದು ಎಂದರೂ ಕೇಳಲಿಲ್ಲ. ಕೊನೆಗೆ ಮನೆಯೊಳಗೆ ಬೇಡ, ಕುರಿದೊಡ್ಡಿಯಲ್ಲಿ ಇರಲಿ ಎಂಬಲ್ಲಿಗೆ ಒಪ್ಪಿದರು.

ಹರಪನಹಳ್ಳಿಯಿಂದ ದನದ ಡಾಕ್ಟರು ಅರುಣ್ ಕುಮಾರ್ ಬಂದರು. ಇಂಥದ್ದಕ್ಕೆ ತಾವು ಮದ್ದು ಮಾಡಿಲ್ಲವೆಂದು ಹೇಳಿ, ಬಲ್ಲವರೊಬ್ಬರಿಗೆ ಫೋನ್ ಹಚ್ಚಿ ಕೇಳಿಕೊಂಡೇ ನೋಡಿದರು. ವರ್ಷಗಟ್ಟಲೆ ಬಿಸಿಲು ಕಾಣದೆ ಮೂಳೆ ಮೆತ್ತಗಾಗಿದೆಯಂತೆ. ಹೆಣ್ಣಂತೆ. ಬೆಳಗಿನ ಬಿಸಿಲು, ಉಗುರುಬೆಚ್ಚಗಿನ ನೀರು, ನುಗ್ಗೆಸೊಪ್ಪು, ದಾಸವಾಳದ ಎಲೆ, ಬಾಯಿಗೆ ಹನಿಹನಿಯಾಗಿ ಸುಣ್ಣದಂಶದ ಔಷಧ. "ಬದುಕ್ತೈತಿ ಅಂತ ನಾನು ಹೇಳಂಗಿಲ್ರಿ," ಎಂದರು, "ನೋಡ್ಕಂಡ್ರ ಬದುಕಬಹುದು."

ನೋಡಿಕೊಂಡವಳು ಚಂದನಾ. ಅದಕ್ಕೆ ಹಸಿರವ್ವ ಎಂದು ಹೆಸರಿಟ್ಟಳು. ನೀರಿನ ಬುಟ್ಟಿಯಲ್ಲಿ ಅದರ ಗದ್ದ ಹಿಡಿದು ಕೂರುತ್ತಿದ್ದಳು. ಒಂದು ದಿನ ತಲೆಯೆತ್ತದೆ ಕೇಳಿದಳು: "ಇದಕ್ಕ ಬಿಸ್ಲು ಬೇಕಂತ ಅಪ್ಪಗ ಗೊತ್ತಿದ್ದಿಲ್ಲೇನತ್ತಿ?" ಗೊತ್ತಿರಲಿಲ್ಲವ್ವಾ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಅದೇ ವಾರ ಒಬ್ಬ ಬೈಕಿನಲ್ಲಿ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಮಾತು ಬೆಣ್ಣೆಯಂತೆ. "ನಮಸ್ಕಾರ ಅಕ್ಕಾರ. ನಾನು ಚೌಡಣ್ಣ ಅಂತ್ರಿ. ನಿಮ್ಮ ಹುಲುಗೇಶಂಗ ಮಾಲು ಕೊಡಾಂವ."

"ಏನು ಮಾಲು?" ಎಂದೆ.

"ಮೀನಿಂದು ರೀ" ಎಂದು ನಕ್ಕ. "ಆ ಪಂಜರ, ಪೆಟ್ಟಿಗಿ ನಂದು. ಹಲ್ಲಿ ನೀವ ಇಟ್ಕಳ್ರಿ, ಪೆಟ್ಟಿಗಿ ಕೊಟ್ರ ಸಾಕು."

ಬಿರುಕು ಬಿಟ್ಟ ಹಳೆಯ ಪೆಟ್ಟಿಗೆಗಾಗಿ ಯಾರು ಇಷ್ಟು ದೂರ ಬರುತ್ತಾರೆ? ಮನೆಯವರಿಲ್ಲ, ನಾಳೆ ಮಧ್ಯಾಹ್ನದ ಮೇಲೆ ಬಾ ಎಂದೆ. ಅವನು ಬೈಕು ಹತ್ತಿ, ಹೊರಡದೆ ನಿಂತ. "ಬಿಚ್ಚಾಕ ಹೋಗಬ್ಯಾಡ್ರಿ ಅಕ್ಕಾರ, ತುಕ್ಕು ಹಿಡದ ಮೊಳಿ ಅದಾವು. ಮತ್ತ ನಿಮ್ಮ ತಮ್ಮ ಅಲ್ಲಿ ಒಬ್ಬನ ಅದಾನ. ನಮ್ಮ ಮಂದೀನೂ ಅಲ್ಲಿ ಅದಾರ. ನೆನಪಿರ್ಲಿ."

ನಿನ್ನ ಮಾವ ಕುರಿ ಹೊಡೆದುಕೊಂಡು ಬಂದ ಕೂಡಲೇ ಹೇಳಿದೆ. ಇನ್ನೂ ಬೆಳಕಿತ್ತು. ಹಾರೆಯಿಂದ ಹಲಗೆ ಎಬ್ಬಿಸಿದರು. ಅರಣ್ಯದವರು ಅಂಗಡಿಯನ್ನೆಲ್ಲ ಹುಡುಕಿದ್ದರೂ ಬಾಲ ಬೀಸುವ ಪ್ರಾಣಿಯ ಪಂಜರ ಸರಿಸಿ ಅದರ ಕೆಳಗೆ ನೋಡಿರಲಿಲ್ಲ. ಒಳಗೆ ಸಾಲಾಗಿ ಕಾಲುಚೀಲಗಳು, ಒಂದೊಂದಕ್ಕೂ ಅಂಟುಪಟ್ಟಿ ಸುತ್ತಿ. ಒಂದನ್ನು ಬಿಚ್ಚಿದರು. ನಕ್ಷತ್ರ ಆಮೆ. ಕುತ್ತಿಗೆ ಹೊರಗೆ ಜೋತುಬಿದ್ದಿತ್ತು, ಕಣ್ಣು ಒಳಗೆ ಇಳಿದಿದ್ದವು. ಸತ್ತಿದೆ ಎಂದುಕೊಳ್ಳುವಷ್ಟರಲ್ಲಿ ಮುಂಗಾಲು ನನ್ನ ಅಂಗೈಯನ್ನು ತಳ್ಳಿತು.

ಚಂದನಾ ನಮ್ಮ ಹಿಂದೆ ನಿಂತದ್ದು ಗೊತ್ತೇ ಆಗಿರಲಿಲ್ಲ. ನೀಲಿ ಅಂಚಿನ ಒಂದು ಜೊತೆ ಎತ್ತಿಕೊಂಡು, "ಇವು ನನ್ನವು ಅತ್ತಿ. ಸಾಲಿಗೆ ಹಾಕ್ಕಂಡು ಹೋಗಾವು" ಎಂದಳು.

ಅವಳನ್ನು ಒಳಗೆ ಕಳಿಸಿ ನಾವಿಬ್ಬರೂ ಅಲ್ಲೇ ಕುಳಿತೆವು. ನಿನ್ನ ಮಾವ ಎಂದರು: "ಇವನ್ನ ಅರಣ್ಯದವ್ರಿಗೆ ಕೊಟ್ರ ನಿನ್ನ ತಮ್ಮನ ಜಾಮೀನು ಹೋಗ್ತೈತಿ. ಇಟ್ಕಂಡ್ರ ನಾವೂ ಒಳಗ ಹೋಗ್ತೀವಿ. ಬಾಗಳಿ ಕಡಿ ಗುಡ್ಡಕ್ಕ ಬಿಟ್ಟು ಬಂದ್ರ ಹೆಂಗ?"

"ನಿಂತ್ಕಳ್ಳಾಕ ಆಗವಲ್ದು ಅವಕ್ಕ. ನಾಯಿ ತಿಂತಾವ್ರಿ" ಎಂದೆ. "ಅಲ್ದ ಆ ಚೌಡಣ್ಣ ನಾಳಿ ಪೆಟ್ಟಿಗಿ ಬಿಚ್ಚಿ ನೋಡಿದ್ರ?"

"ಮತ್ತ ನಿನ್ನ ತಮ್ಮ?"

ಅವ್ವ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನಿನ್ನನ್ನು ಇನ್ನಷ್ಟು ದಿನ ಒಳಗಿಡುವ ಫೋನನ್ನು ನನ್ನ ಕೈಯಿಂದಲೇ ಮಾಡಬೇಕಾಗಿತ್ತು. ಹೊತ್ತು ಹುಟ್ಟಿದ ಮೇಲೆ ಅರಣ್ಯದವರಿಗೆ ಮಾಡಿದೆ. ಹೊರಟು ಬರುತ್ತೇವೆ, ಯಾವುದನ್ನೂ ಮುಟ್ಟಬೇಡಿ ಎಂದರು. ದಾರಿ ತೋರಿಸಲು ನಿನ್ನ ಮಾವ ಹರಪನಹಳ್ಳಿಯ ರಸ್ತೆಗೆ ಹೋದರು.

ಆದರೆ ಚೌಡಣ್ಣ ಮಧ್ಯಾಹ್ನದವರೆಗೆ ಕಾಯಲಿಲ್ಲ. ಜೊತೆಗೊಬ್ಬನನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದ. ನಾನು ಅಡ್ಡ ನಿಂತು ಚಹಾ ಕುಡಿಯಿರಿ ಎಂದೆ, ಮನೆಯವರು ಬಂದುಬಿಡುತ್ತಾರೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನನ್ನು ಸರಿಸಿ ಸೀದಾ ದೊಡ್ಡಿಗೆ ನುಗ್ಗಿದ.

ಅಲ್ಲಿ ಪೆಟ್ಟಿಗೆಯ ಮೇಲೆ ಚಂದನಾ ಕುಳಿತಿದ್ದಳು. ಶಾಲೆಗೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಪಾಟೀಚೀಲ ಹೆಗಲಲ್ಲೇ ಇತ್ತು.

"ಏಳವ್ವಾ ಮಗಳ," ಎಂದ ಅವನು, "ನಿಮ್ಮಪ್ಪನ ದೋಸ್ತ ನಾನು."

"ಏಳಂಗಿಲ್ಲ."

"ಎದ್ರ ನಿಮ್ಮಪ್ಪ ಲಗೂನ ಬರ್ತಾನ. ಏಳದಿದ್ರ ಬರಂಗಿಲ್ಲ. ನೋಡು ಮತ್ತ."

ಅವಳು ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದುಕೊಂಡಳು. ಏಳಲಿಲ್ಲ. ಅವನು ರಟ್ಟೆ ಹಿಡಿದು ಎಳೆದ. ನಾನು ಅವನ ಅಂಗಿಗೆ ಜೋತುಬಿದ್ದೆ. ಇನ್ನೊಬ್ಬ ನನ್ನನ್ನು ನೂಕಿದ ರಭಸಕ್ಕೆ ಗೋದಲಿಗೆ ಬಡಿದೆ. ಮೊಣಕೈ ಇನ್ನೂ ನೋಯುತ್ತದೆ.

ಆಗ ಕೇಳಿತು ನಮ್ಮತ್ತೆಯ ದನಿ. ಪ್ರಾಣಿ ಬಂದ ದಿನದಿಂದ ಆ ದೊಡ್ಡಿಯ ಕಡೆ ಮುಖ ಮಾಡದಿದ್ದ ಮುದುಕಿ, ಕುರಿ ಕಾಯುವ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏ ಭಾಡ್ಯಾ! ಯಾರ ಮನಿ ಹೆಣ್ಣುಮಗಳ ಕೈ ಹಿಡ್ದೀಯಲೇ? ಬರ್ರಪೋ, ಬರ್ರಿ, ಹಾಡುಹಗಲ ಕೂಸಿನ್ನ ಎಳ್ಕಂಡು ಹೊಂಟಾರ!" ಮೊದಲ ಏಟು ಅವನ ಮಣಿಕಟ್ಟಿಗೆ ಬಿತ್ತು. ಕಣದಲ್ಲಿ ಮೆಕ್ಕೆಜೋಳ ಒಣಗಿಸುತ್ತಿದ್ದವರೆಲ್ಲ ಓಡಿಬಂದರು. ಯಾರೋ ಬೈಕಿನ ಕೀಲಿ ಕಿತ್ತುಕೊಂಡರು. ಜೀಪು ಬರುವ ತನಕ ಅವರಿಬ್ಬರನ್ನೂ ಬೇವಿನ ಕಟ್ಟೆಯ ಮೇಲೆ ಕೂರಿಸಿ ಓಣಿಯೇ ಸುತ್ತ ನಿಂತಿತ್ತು.

ಹದಿನಾಲ್ಕು ಆಮೆಗಳು ಬದುಕಿದ್ದವು. ನಾಲ್ಕು ಸತ್ತಿದ್ದವು. ಅಧಿಕಾರಿ ಮೆತ್ತನೆಯ ಮನುಷ್ಯ. ಉಳಿದವಕ್ಕೆ ಆರೈಕೆ ಮಾಡಿಸಿ, ಚೇತರಿಸಿಕೊಂಡ ಮೇಲೆ ಕುರುಚಲು ಕಾಡಿಗೆ ಬಿಡುತ್ತೇವೆ ಎಂದು ಚಂದನಾಳ ಎದುರಿಗೇ ಹೇಳಿದರು.

ಇದರಿಂದ ನಿನಗೆ ಆದದ್ದೇನು ಎಂಬುದು ನಿನಗೇ ಗೊತ್ತು. ಜಾಮೀನಿನ ಅರ್ಜಿ ಈ ಸಲ ವಜಾ ಆಯಿತು. ಅದು ನನ್ನ ಫೋನಿನಿಂದ ಆದದ್ದು, ಇಲ್ಲವೆನ್ನುವುದಿಲ್ಲ. ಆದರೆ ಚೌಡಣ್ಣನೂ ಈಗ ಒಳಗಿದ್ದಾನೆ. ಆಮೆ ಹಿಡಿಸಿದವರು ಯಾರು, ಎಲ್ಲಿಗೆ ಹೋಗುತ್ತಿದ್ದವು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ನಿನಗೂ ಒಳ್ಳೆಯದಾದೀತು ಎನ್ನುತ್ತಾರೆ ವಕೀಲರು. ನಿನಗೆ ಅಲ್ಲಿ ಅಂಜಿಕೆ ಇದ್ದರೆ ಸಾಹೇಬರಿಗೆ ಬಾಯಿಬಿಟ್ಟು ಹೇಳು. ಚೌಡಣ್ಣ ಹೆದರಿಸಿದ್ದನ್ನು ನಾನೂ ಬರೆದುಕೊಟ್ಟಿದ್ದೇನೆ. ಫೋನ್ ಸದ್ದಾದರೆ ನಿನ್ನದೇ ಸುದ್ದಿ ಇರಬಹುದೆಂದು ಓಡಿಹೋಗಿ ಎತ್ತುತ್ತೇನೆ, ತಮ್ಮಾ.

ಹಸಿರವ್ವನ ಕಾಲು ಮೊದಲಿನಂತೆ ನೆಟ್ಟಗಾಗುವುದಿಲ್ಲವಂತೆ. ಬಾಲದ ತುದಿ ಉದುರಿತು. ಆದರೆ ದವಡೆ ಗಟ್ಟಿಯಾಗುತ್ತಿದೆ. ಮೊನ್ನೆ ತಾನಾಗಿಯೇ ಎಲೆ ಕಚ್ಚಿ ಹರಿದು ತಿಂದಿತು. ಅದನ್ನು ಸರಕಾರದಲ್ಲಿ ನಮ್ಮ ಹೆಸರಿಗೆ ನೋಂದಾಯಿಸಲು ಡಾಕ್ಟರು ಓಡಾಡುತ್ತಿದ್ದಾರೆ. ಅತ್ತೆ ಈಗಲೂ ಒಳಗೆ ಹೋಗುವುದಿಲ್ಲ. ದಾಸವಾಳದ ಎಲೆ ಕಿತ್ತು ಬಾಗಿಲಲ್ಲಿಟ್ಟು, "ಏ ಚಂದ್ನಾ, ನಿಮ್ಮ ಉಡಕ್ಕ ಹಾಕು" ಎಂದು ಕೂಗಿ ಬಂದುಬಿಡುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಜೊತೆಗೂ ಜಗಳಕ್ಕೆ ಬೀಳಬೇಡ. ಮನೆದೇವರು ನಿನ್ನ ಬೆನ್ನಿಗಿರಲಿ. ನೀನು ನೂರು ವರ್ಷ ಬಾಳಬೇಕು, ತಲೆಯೆತ್ತಿ ಬಾಳಬೇಕು.

ಇಂತು ನಿನ್ನ ಅಕ್ಕ,
ದುರ್ಗಾದೇವಿ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಹೋದ ಸಲ ಭೇಟಿಗೆ ಬಂದಾಗ ನೀನು ಹೊರಗೆ ಬರಲಿಲ್ಲ. ಅಂಗಡಿಯ ಆಮೆಗಳ ಸುದ್ದಿಯನ್ನು ಅರಣ್ಯದವರಿಗೆ ಮೊದಲು ಮುಟ್ಟಿಸಿದವಳು ಅಕ್ಕನೇ, ಅವಳ ಮುಖ ನೋಡುವುದಿಲ್ಲ ಎಂದೆಯಂತೆ. ಹಾಗೆಯೇ ತಿಳಿದುಕೊಂಡಿರಲಿ ಎಂದು ನಾನೂ ಸುಮ್ಮನಿದ್ದೆ. ಅದು ನಾನಲ್ಲ, ಹುಲುಗೇಶ. ಚಂದನಾ. ಕೊಟ್ಟೂರಿನ ಮನೆಯಲ್ಲಿ ಅವಳ ಮಂಚದ ಕೆಳಗೆ ನೀನಿಟ್ಟಿದ್ದ ಚೀಲದೊಳಗೆ ಕೆರೆಯುವ ಸದ್ದು ಕೇಳಿ ಕೇಳಿ ನಿದ್ದೆಯಿಲ್ಲದೆ, ಶಾಲೆಯ ಗೋಡೆಯ ಮೇಲಿದ್ದ ಅರಣ್ಯದವರ ನಂಬರಿಗೆ ತಾಯಿಯ ಫೋನಿನಿಂದ ಹಚ್ಚಿದಳಂತೆ. ಆಮೆಗಳನ್ನು ಒಯ್ದು ನೀರು ಕುಡಿಸುತ್ತಾರೆ ಎಂದುಕೊಂಡಿದ್ದಳು. ಅಪ್ಪನನ್ನೂ ಒಯ್ಯುತ್ತಾರೆ ಎಂದು ಆ ಕೂಸಿಗೆ ಹೇಗೆ ಗೊತ್ತಾಗಬೇಕು? ಈ ಗುರುವಾರದ ಭೇಟಿಗೆ ಅವಳನ್ನು ಕರೆತರುತ್ತಿದ್ದೇನೆ. "ನಾನ ಹೇಳ್ತೀನಿ ಅತ್ತಿ, ನೀ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಆಣೆ ಮುರಿದು ಬರೆಯುತ್ತಿದ್ದೇನೆ, ಯಾಕೆಂದರೆ ಅವಳು ಹೇಳುವಾಗ ನಿನ್ನ ಮುಖವನ್ನೇ ನೋಡುತ್ತಿರುತ್ತಾಳೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಿರಲಿ. ಅವತ್ತು ಮಾತ್ರ ಹೊರಗೆ ಬಾ, ತಮ್ಮಾ.