ಟವೆಲ್ ಕೆಳಗಿನ ಕೈ

ಚಾಮರಾಜಪೇಟೆ, ಬೆಂಗಳೂರು
ಸೋಮವಾರ, 23 ಜುಲೈ 2007

ಮುರುಗೇಶನ ಅಪ್ಪನಿಗೆ, ನಿಮ್ಮ ಮುತ್ಯಾಲಮ್ಮನ ನಮಸ್ಕಾರ.

ಮೈ ಹೇಗಿದೆ? ಬಲಗೈಗೆ ಸ್ವಲ್ಪವಾದರೂ ಬಲ ಬಂತಾ? ಎಡಗೈ ಚೆನ್ನಾಗಿ ಆಡುತ್ತದೆ, ಚಮಚ ತಾವೇ ಹಿಡಿಯುತ್ತಾರೆ ಎಂದು ಮೊಮ್ಮಗಳು ತೇಜಸ್ವಿನಿ ಹೇಳಿದಳು. ಲಕ್ವ ಹೊಡೆದ ಮೇಲೆ ನಿಂತ ಮಾತು ಮಾತ್ರ ಇನ್ನೂ ಬಂದಿಲ್ಲವಂತೆ. ಬರುತ್ತದೆ ಬಿಡಿ. ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಅರ್ಧ ಆಯಸ್ಸು ಕೂಗಿದ ಗಂಟಲು, ಸುಧಾರಿಸಿಕೊಳ್ಳಲಿ. ನಿಮ್ಮ ಸೊಸೆಯದು ಸಾರಿಗೆ ಹುಣಸೆಹಣ್ಣು ಸುರಿಯುವ ಕೈ. ಹುಳಿ ಜಾಸ್ತಿಯಾದರೆ ತಟ್ಟೆ ತಳ್ಳಿಬಿಡಿ, ಅದಕ್ಕೆ ಮಾತು ಬೇಕಾಗಿಲ್ಲ. ಈ ಕಾಗದವನ್ನು ತೇಜಸ್ವಿನಿಯೇ ನಿಮಗೆ ಓದಿ ಹೇಳುತ್ತಾಳೆ. ತೇಜೂ, ನಿಮ್ಮಮ್ಮನ ಸಾರಿನ ವಿಷಯ ಬಂದಾಗ ಮೆಲ್ಲಗೆ ಓದು. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ನಗಬೇಡ. ನನ್ನನ್ನು ಮೂರನೇ ಕ್ಲಾಸಿಗೇ ಬಿಡಿಸಿ ದನದ ಹಿಂದೆ ಕಳಿಸಿದರು.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಬೆಳಗಿನ ಜಾವ ಮಂಡಿಗೆ ಹೊರಡುವಾಗ ನನಗೆ ಎಚ್ಚರವಾಗಬಾರದೆಂದು ನೀವು ಬಾಗಿಲ ಚಿಲಕವನ್ನು ಸದ್ದಿಲ್ಲದೆ ಎತ್ತುತ್ತಿದ್ದಿರಲ್ಲ, ನಾನು ಒಂದು ದಿನವೂ ನಿದ್ದೆಯಲ್ಲಿರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಂಡು ಆ ನಿಮ್ಮ ಕಳ್ಳತನ ಕೇಳುತ್ತಿದ್ದೆ. ಈಗ ಚಿಲಕ ಎತ್ತುವವರಿಲ್ಲ, ಆದರೂ ಆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ಆಷಾಢ ಬೇರೆ. ಹೊಸ ಮದುಮಕ್ಕಳನ್ನು ದೂರ ಇಡುವ ತಿಂಗಳು ಹಲ್ಲು ಬಿದ್ದ ನಮ್ಮನ್ನೂ ಹುಡುಕಿಕೊಂಡು ಬಂತು ನೋಡಿ.

ನಿಮ್ಮನ್ನು ಆಸ್ಪತ್ರೆಯಿಂದ ನೇರವಾಗಿ ಕುಮಾರ ಪಾರ್ಕಿಗೆ ಕರೆದುಕೊಂಡು ಹೋದ ಮಗರಾಯ ಹೋದ ವಾರ ಬಂದಿದ್ದ. ಒಳಗೆ ಬಾರೋ ಅಂದರೆ ಹೊಸಲು ದಾಟಲಿಲ್ಲ. ಈ ಮನೆ ಮಾರುತ್ತಾನಂತೆ, ಗೌರಿ ಹಬ್ಬದೊಳಗೆ ನಾನು ಖಾಲಿ ಮಾಡಬೇಕಂತೆ. "ನಮ್ಮಪ್ಪನಿಗೆ ನೀವು ಏನಾಗ್ಬೇಕು? ಅವರೇನು ತಾಳಿ ಕಟ್ಟಿದ್ರಾ?" ಅಂದ. ತಾಯಿ ತೀರಿಕೊಂಡ ವರ್ಷ ಜ್ವರದಲ್ಲಿ ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ನನ್ನ ಸೆರಗು ಬಿಡದೆ ಮಲಗಿದವನು ಇವನೇ. "ನಿನ್ನ ಹಾಲುಹಲ್ಲು ಬಿದ್ದಾಗ ಹೆಂಚಿನ ಮೇಲೆ ಎಸೆದವಳು ಏನಾಗ್ಬೇಕೋ ಅದೇ ಆಗ್ಬೇಕು ಕಣೋ" ಅಂದೆ. ತಲೆ ತಗ್ಗಿಸಿದ, ಆದರೂ ಹೇಳಬೇಕಾದ್ದನ್ನು ಹೇಳಿಯೇ ಹೋದ. ಮನೆ ಬಿಟ್ಟೆನೆಂದು ಕಾಗದಕ್ಕೆ ಸೈನ್ ಹಾಕಿಕೊಟ್ಟರೆ ಭಾನುವಾರ ಭಾನುವಾರ ಬಂದು ನಿಮ್ಮನ್ನು ನೋಡಬಹುದಂತೆ. ಕೋರ್ಟು ಗೀರ್ಟು ಅಂದರೆ ಗೇಟಿನ ಒಳಗೂ ಬಿಡುವುದಿಲ್ಲವಂತೆ.

ಎದುರುಮನೆ ಟೀಚರ್ ಚೂಡಾಮಣಿ ಸುಮ್ಮನೆ ಇರುತ್ತಾರೆಯೇ? ಬಸವನಗುಡಿಯ ಲಾಯರ್ ಹುಡುಗಿ ಸುಪ್ರಜಾ ಹತ್ತಿರ ಎಳೆದುಕೊಂಡು ಹೋದರು. ಅವಳು ಮೊದಲೇ ನಿಮ್ಮ ಹೆಸರು ಕೇಳಿದಳು. ನಾನು ಬಾಯಿ ಬಿಡಲಿಲ್ಲ. "ಹೇಳಿ ಅಜ್ಜಿ, ಬರ್ಕೋಬೇಕು" ಅಂದಳು. ಗಂಡನ ಹೆಸರನ್ನು ಬಾಯಲ್ಲಿ ಹೇಗಮ್ಮಾ ಹೇಳೋದು ಅಂದೆ. ಕೊನೆಗೆ ಟೀಚರೇ ಧರ್ಮರಾಜು ಎಂದು ಬರೆಸಿದರು. ಹುಡುಗಿ ಪೆನ್ನು ಕೆಳಗಿಟ್ಟು, "ಕೋರ್ಟಲ್ಲಿ ತಾಳಿ ಎಲ್ಲಿ ಅಂತ ಕೇಳಿದ್ರೆ ಇದನ್ನೇ ಹೇಳ್ತೀನಿ" ಎಂದು ನಕ್ಕಳು.

ಹೇಗೆ ಶುರುವಾಯಿತು ಎಂದೂ ಕೇಳಿದಳು. ಮಂಡಿಯ ವಿಷಯ ಹೇಳಿದೆ. ಬೆಲೆಯನ್ನು ಬಾಯಲ್ಲಿ ಹೇಳದೆ, ಕೈಗಳ ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಕೇಳುವುದು ನಿಮ್ಮ ಪದ್ಧತಿ. ಒಪ್ಪಿಗೆಯಾದರೆ ಇಡೀ ಕೈ ಹಿಡಿಯುವುದು. ಗಂಡ ಸತ್ತು ಅಣ್ಣನ ಮನೆ ಸೇರಿದ್ದ ನಾನು ಅವನ ಟೊಮೇಟೊ ತಂದಾಗ, ನೀವು ಕೇಳಿದ ಕಡಿಮೆ ಬೆಲೆಗೆ ನಿಮ್ಮ ಬೆರಳು ತಿರುಚಿದ್ದೆ. ಮುರುಗೇಶನ ತಾಯಿ ತೀರಿಕೊಂಡ ಮೇಲೆ ಒಂದು ದಿನ, ಟೊಮೇಟೊ ಎಲ್ಲ ಮಾರಿಹೋಗಿ ಬುಟ್ಟಿ ಖಾಲಿಯಿದ್ದಾಗ, ನೀವು ಮತ್ತೆ ಟವೆಲ್ ಮುಚ್ಚಿದಿರಿ. ಬೆರಳು ಒತ್ತಲಿಲ್ಲ, ಕೈಯನ್ನು ಸುಮ್ಮನೆ ಇಟ್ಟಿರಿ. ನಾನು ಇಡೀ ಕೈ ಹಿಡಿದೆ. ನಮ್ಮ ಮದುವೆ ಅಷ್ಟೇ. ಊಟ ಹಾಕಿಸಲಿಲ್ಲ, ಓಲಗ ಊದಿಸಲಿಲ್ಲ, ಆಮೇಲೆ ಇಬ್ಬರಿಗೂ ತಾಳಿಯ ನೆನಪೇ ಆಗಲಿಲ್ಲ.

ತಾಳಿ ಇಲ್ಲದಿದ್ದರೂ ಗಂಡ ಹೆಂಡತಿಯ ಹಾಗೆ ಒಂದೇ ಸೂರಿನಡಿ ಬಾಳಿದವಳನ್ನು ಬೀದಿಗೆ ತಳ್ಳುವಂತಿಲ್ಲ ಎಂದು ಹೋದ ವರ್ಷ ಹೊಸ ಕಾನೂನು ಬಂದಿದೆಯಂತೆ. "ಗೆದ್ದೇ ಗೆಲ್ತೀವಿ ಅನ್ನಲ್ಲ, ಆದ್ರೆ ಮನೆ ಉಳಿಸೋ ದಾರಿ ಇದೆ" ಅಂದಳು. ಮನೆ ಸರಿ, ಮನೆಯವರನ್ನು ಕರೆತರುವ ಕಾನೂನು ಯಾವುದು ಎಂದು ಕೇಳಿದೆ. "ಅದನ್ನ ಅವರೇ ಹೇಳ್ಬೇಕು ಅಜ್ಜಿ. ಬರ್ತೀನಿ ಅಂತ ಅವರು ತಿಳಿಸಿದ್ರೆ ಯಾರೂ ಕಟ್ಟಿಹಾಕೋ ಹಾಗಿಲ್ಲ" ಅಂದಳು.

ನಿನ್ನೆ ಕುಮಾರ ಪಾರ್ಕಿಗೆ ಬಂದಿದ್ದೆ. ಗೇಟಿನವನು ಬಿಡಲಿಲ್ಲ. ಎದುರಿನ ಮರದ ಕೆಳಗೆ ನಿಂತೆ. ಮಹಡಿಯಲ್ಲಿ ನಿಮ್ಮ ಪಂಚೆ ಒಣಗುತ್ತಿತ್ತು. ಕೊಡವದೆ, ಸುಕ್ಕುಸುಕ್ಕಾಗಿ ಹಾಕಿದ್ದರು. ಅದನ್ನೇ ನೋಡಿಕೊಂಡು ಬಂದೆ.

ಮಾತ್ರೆ ತಪ್ಪಿಸಬೇಡಿ. ಮುರುಗೇಶನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ರಕ್ತದೊತ್ತಡ ಏರುತ್ತದೆ. ಸಿಟ್ಟನ್ನು ನನಗೆ ಬಿಡಿ. ನಿಮ್ಮ ಮಗಳು ಧನಲಕ್ಷ್ಮಿ ಬಂದರೆ ನಾನು ಕೇಳಿದೆನೆಂದು ತೇಜೂ ತಿಳಿಸಲಿ. ತೇಜೂಗೆ ನನ್ನ ಆಶೀರ್ವಾದ.

ಇಂತಿ ನಿಮ್ಮ ಮನೆಯಲ್ಲೇ ಇರುವ,
ಮುತ್ಯಾಲಮ್ಮ

ಮರೆತಿದ್ದೆ. ತೇಜೂ ಕೈಲಿ ನಿಮ್ಮ ಮಂಡಿಯ ಕೆಂಪು ಟವೆಲ್ ಕಳಿಸಿದ್ದೇನೆ, ಒಗೆದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಅವಳು ನಿಮ್ಮ ಎಡಗೈ ಮೇಲೆ ಅದನ್ನು ಮುಚ್ಚಿ ತನ್ನ ಕೈ ಇಡುತ್ತಾಳೆ. ಮನೆ ಬಿಟ್ಟುಕೊಡು, ಭಾನುವಾರಗಳೇ ಸಾಕು ಅನ್ನುವುದಾದರೆ ಒಂದು ಬೆರಳು ಒತ್ತಿ. ನಾನು ನಾಳೆಯೇ ಸೈನ್ ಹಾಕುತ್ತೇನೆ, ಎದುರು ಮಾತಾಡುವುದಿಲ್ಲ. ಮನೆ ಉಳಿಸು, ಬರುತ್ತೇನೆ ಅನ್ನುವುದಾದರೆ ಇಡೀ ಕೈ ಹಿಡಿಯಿರಿ. ಲಾಯರನ್ನು ಕರೆದುಕೊಂಡು ಬರುತ್ತೇನೆ, ಆಮೇಲೆ ಅವಳೆದುರು ಇನ್ನೊಂದು ಸಲ ಹಿಡಿದರಾಯಿತು. ಜೋರಾಗಿ ಅಮುಕಬೇಡಿ, ಮಗುವಿನದು ನನ್ನಂಥ ಒರಟು ಕೈಯಲ್ಲ.