ಜಿಪ್ ಮರಳಿ ಬಂದ ದಿನ

ಅಯೋವಾ, ನವೆಂಬರ್ 27, 1945, ಮಂಗಳವಾರ

ಜಿಪ್ ಇನ್ನೂ ಏನೂ ತಿಂದಿಲ್ಲ.

ಬೆಳಿಗ್ಗೆಯ ರೈಲಿನಲ್ಲಿ ಬಂತು. ಸಾಕುನಾಯಿಗಳನ್ನು ಯುದ್ಧಕ್ಕೆ ಕೊಡಿ ಎಂದು ಸೇನೆ ಕೇಳಿದಾಗ ನನ್ನ ತಮ್ಮ ಆರ್ಲೊ ಇದನ್ನು ಕೊಟ್ಟಿದ್ದ. ಕುಂಟುಕಾಲೆಂದು ಅವನನ್ನು ಸೇನೆ ಬೇಡವೆಂದಿತ್ತು. "ನಮ್ಮನೆಯಿಂದ ಒಬ್ಬನಾದ್ರೂ ಹೋಗ್ಲಿ ಅಕ್ಕಾ" ಅಂದಿದ್ದ. ನಾನೂ ಹಿಗ್ಗಿದ್ದೆ. ಆವತ್ತೇ ಬೇಡ ಅನ್ನಬೇಕಿತ್ತು.

ನಿಲ್ದಾಣದಲ್ಲಿ ಮರದ ಪೆಟ್ಟಿಗೆಯಿಂದ ಇಳಿದ ಜಿಪ್ ಆರ್ಲೊನ ಕೈ ಮೂಸಿತು, ಯಾರೋ ಹೊಸಬರ ಕೈ ಮೂಸುವ ಹಾಗೆ. ಮನೆಗೆ ಬಂದು ಬಾಗಿಲ ಕಡೆ ಮುಖ ಮಾಡಿ ಮಲಗಿತು. ಆರ್ಲೊ ಮಾಂಸ ಬೇಯಿಸಿಟ್ಟ. "ನೋಡೇ, ದೊಡ್ಡ ಸಾಹೇಬನಾಗಿ ಬಂದಿದ್ದಾನೆ, ನನ್ನ ಅಡುಗೆ ಸೇರಲ್ಲ!" ಎಂದು ನಕ್ಕ. ಸಂಜೆಯಾದರೂ ತಟ್ಟೆ ಹಾಗೇ ಇತ್ತು. ಬೇಸರದಲ್ಲಿ ನಾನು "ಕೊಟ್ಟವನು ನೀನೇ ತಾನೇ?" ಅಂದುಬಿಟ್ಟೆ. ಅವನ ನಗು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಕವಿತೆ ಓದಿ ಒಂದು ಮಾತು ನುಂಗಿಕೊಳ್ಳಲು ಕಲಿಯಲಿಲ್ಲ ನಾನು.

ಆಮೇಲೆ ಅವನೇ ಮೆಲ್ಲಗೆ ಹೇಳಿದ: "ಇವನನ್ನ ನೋಡ್ಕೊಳ್ತಿದ್ದ ಸಿಪಾಯಿಗೆ ಒಂದು ಕಾಗದ ಬರಿ ಅಕ್ಕಾ, ಪೆಟ್ಟಿಗೆ ಮೇಲೆ ವಿಳಾಸ ಇದೆ. ಬೇರೆಯವರು ಹಾಕಿದ್ದು ತಿನ್ನಬಾರದು ಅಂತ ಕಲಿಸಿರ್ತಾರಂತೆ. ಏನು ಹೇಳಿದ್ರೆ ಬಾಯಿ ಹಾಕ್ತಾನೆ, ಕೇಳು."

ಬರೆಯಲು ಕೂತಿದ್ದೇನೆ. ಉತ್ತರ ಬರಲು ಎಷ್ಟು ದಿನವೋ. ಅಡುಗೆಮನೆಯಲ್ಲಿ ಆರ್ಲೊ ನೆಲದ ಮೇಲೆ ಕೂತು ಒಂದೊಂದೇ ಮಾತು ಹೇಳಿ ನೋಡುತ್ತಿದ್ದಾನೆ. "ತಿನ್ನು." "ತಗೊಳ್ಳೋ." "ಹೂಂ, ಆಯ್ತು." "ಮರೀ, ನಾನು ಕಣೋ..."