ಶನಿವಾರದ ದೋಣಿಗೆ ಮುಂಚೆ

ಪ್ರೀತಿಯ ಅಕ್ಕಾ,

ಸಾಮಾನಿನ ದೋಣಿಯಲ್ಲಿ ನಿನ್ನ ಕಾಗದ ಬಂತು. ‘ಶನಿವಾರ ನಾನೇ ಬರ್ತೀನಿ, ಬಟ್ಟೆ ಕಟ್ಟಿಟ್ಟಿರು, ಬೀಗ ಹಾಕಿ ನಿನ್ನ ಕರ್ಕೊಂಡು ಬಂದ್ಬಿಡ್ತೀನಿ’ ಎಂದು ಬರೆದಿದ್ದೀಯ. ಒಬ್ಬಳೇ ಇದ್ದು ನನಗೆ ತಲೆ ಕೆಡುತ್ತದೆಂದು ನಿನ್ನ ಭಯ. ಮಂಡಿನೋವೆಂದು ನೀನು ಮಗಳ ಮನೆ ಸೇರಿದ ಮೇಲೆ, ಈ ಪುಟ್ಟ ದ್ವೀಪದ ನಮ್ಮ ಮೂರು ಕೋಣೆಯ ವಸತಿಗೃಹದಲ್ಲಿ ನಾನು ಹೇಗಿದ್ದೇನೆಂದು ಹೇಳುತ್ತೇನೆ, ಕೇಳು. ಆಮೇಲೆ ಬೈಯುವೆಯಂತೆ. ದೋಣಿಯವನನ್ನು ಕೂರಿಸಿಕೊಂಡೇ ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ಮೊದಲ ಅತಿಥಿಯಾಗಿ ಒಬ್ಬರು ಬಂದಿದ್ದರು, ಪೇಟೆಯಲ್ಲಿ ಕಟಿಂಗ್ ಶಾಪ್ ಇಟ್ಟವರು. ಬಂದವರೇ ಸಮುದ್ರದಲ್ಲಿ ಈಜಿ, ಒದ್ದೆ ಟವೆಲನ್ನು ಬಾಗಿಲ ಚಿಲಕಕ್ಕೆ ನೇತುಹಾಕಿದರು. ಬಾಗಿಲಲ್ಲಿ ಟವೆಲ್ ಇದ್ದರೆ ಅತಿಥಿಗೆ ಏಕಾಂತ ಬೇಕು, ಮಾತಾಡಿಸಬಾರದು ಎಂಬುದು ನೀನೇ ಮಾಡಿದ ಕಾನೂನು. ಅದನ್ನು ದೋಣಿ ಇಳಿದವರಿಗೆಲ್ಲ ಹೇಳುತ್ತಿದ್ದವಳೂ ನೀನೇ. ನೀನಿಲ್ಲದಾಗ ನಾನು ಹೇಳಬೇಕೆಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಊಟವನ್ನು ಬಾಗಿಲಲ್ಲಿಟ್ಟು ತುಟಿಪಿಟಕ್ಕೆನ್ನದೆ ಬರುತ್ತಿದ್ದೆ. ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಅವರು ಪಾಪ, ದಿನವೂ ಈಜುವುದು, ದಿನವೂ ಟವೆಲ್ ಒಣಗಹಾಕುವುದು.

ಹೊರಡಬೇಕಾದ ದಿನ ಗಾಳಿ ಎದ್ದು ದೋಣಿ ಬರಲಿಲ್ಲ. ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ‘ನಾನೇನಾದ್ರೂ ತಪ್ಪು ಮಾಡಿದ್ನಾ ತಾಯಿ? ನನ್ನ ಹೆಂಡ್ತಿ ಮಾತು ಬಿಟ್ರೂ ಎರಡನೇ ದಿನಕ್ಕೆ ಬೈಯೋಕಾದ್ರೂ ಬಾಯಿ ತೆಗೀತಾಳೆ, ನೀವು ಅದೂ ಇಲ್ಲ’ ಎಂದರು. ಟವೆಲಿನ ಕಥೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಗಾಳಿ ನಿಲ್ಲುವವರೆಗೂ ನನಗೆ ಈರುಳ್ಳಿ ಹೆಚ್ಚಿಕೊಡುತ್ತಾ, ತಾವು ಕತ್ತರಿಸಿದ ತಲೆಗಳ ಪುರಾಣವನ್ನೆಲ್ಲ ಹೇಳಿದರು. ಹೊರಡುವಾಗ, ‘ನನ್ನ ಕಿವಿಗೆ ಇಷ್ಟು ರೆಸ್ಟ್ ಯಾವತ್ತೂ ಸಿಕ್ಕಿರ್ಲಿಲ್ಲ, ಮುಂದಿನ ಸಲ ಹೆಂಡ್ತೀನೂ ಕರ್ಕೊಂಡ್ ಬರ್ತೀನಿ’ ಎಂದು ಹೇಳಿ ಹೋದರು.

ಈಗ ದೋಣಿಕಟ್ಟೆಯಲ್ಲಿ ನಿಂತು ಕಾನೂನು ಹೇಳುವವಳು ನಾನು. ನಿನ್ನಷ್ಟು ಗದರಿಸುವುದಿಲ್ಲ, ಆದರೂ ಕೇಳುತ್ತಾರೆ. ಯಾರೂ ಬರದ ಜಾಗವೆಂದೇ ಜನ ಇಲ್ಲಿಗೆ ಬರುತ್ತಾರೆ. ಮೊದಲ ದಿನ ಸಿಗ್ನಲ್ ಹುಡುಕುತ್ತಾ ಫೋನ್ ಹಿಡಿದು ಬಂಡೆ ಹತ್ತುತ್ತಾರೆ. ಹೋಗುವ ಹೊತ್ತಿಗೆ ಆ ಫೋನನ್ನು ಎಲ್ಲಿಟ್ಟೆವೆಂದು ಹಾಸಿಗೆ ಕೊಡವುತ್ತಾರೆ. ಅವರು ಹೋದ ಮೇಲೆ ನಾನು ಖಾಲಿ ದಡದಲ್ಲಿ ಗಂಟಲು ಬಿಟ್ಟು ಹಾಡುತ್ತೇನೆ. ನೀನಿದ್ದಾಗ ಅದಕ್ಕೂ ಅವಕಾಶವಿರಲಿಲ್ಲ. ನೀನು ನೆನಪಾಗುವುದಿಲ್ಲ ಎನ್ನಲಾರೆ. ಮಧ್ಯಾಹ್ನ ಎರಡು ಲೋಟ ಚಹಾ ಮಾಡಿ ಎರಡನ್ನೂ ನಾನೇ ಕುಡಿಯುತ್ತೇನೆ. ಆದರೆ ಈ ಮನೆ ನನ್ನ ಕೈಗೆ ಹತ್ತಿದೆ. ಇದನ್ನು ನಡೆಸುವುದು ನನಗೆ ಬರುತ್ತದೆ, ಇಷ್ಟವೂ ಆಗುತ್ತದೆ.

ಶನಿವಾರ ಬಾ. ಕಟ್ಟೆಯ ಮೆಟ್ಟಿಲಿಗೆ ಕಂಬಿ ಹಾಕಿಸಿದ್ದೇನೆ, ಹಿಡಿದುಕೊಂಡು ಹತ್ತಬಹುದು. ಗಾಳಿ ಬರುವ ಕೋಣೆಯನ್ನು ನಿನಗೆಂದೇ ಇಟ್ಟಿದ್ದೇನೆ. ಒಂದು ವಾರ ಅತಿಥಿಯಂತೆ ಕೂತು ಉಣ್ಣು. ಆದರೆ ಅಕ್ಕಾ, ಅಮ್ಮ ಹೋದಾಗಿನಿಂದ ನಿನ್ನ ಮಾತು ಮೀರಿದವಳಲ್ಲ ನಾನು. ದೋಣಿ ಇಳಿದು ನನ್ನ ಮುಖ ನೋಡಿ ನೀನು ‘ಬಾರೇ’ ಎಂದರೆ ಎಲ್ಲ ಬಿಟ್ಟು ಬಂದುಬಿಡುತ್ತೇನೆ, ಎದುರು ಮಾತಾಡಲು ನನ್ನಿಂದಾಗದು. ಅದಕ್ಕೇ ಮುಂಚೆಯೇ ಕಾಗದದಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಆ ಒಂದು ಮಾತು ಆಡಬೇಡ.

ನೀನು ಬರುವ ದಿನ ಕಡಲು ಶಾಂತವಾಗಿರಲಿ, ನಿನ್ನ ಮಂಡಿಗೆ ಬಲವಿರಲಿ.

ನಿನ್ನ ತಂಗಿ